ಬೆಕ್ವೇ ದ್ವೀಪದಲ್ಲಿ ಒಂದು ತಿಂಗಳು: ಅವಸರವಿಲ್ಲದ ವಾಸಕ್ಕೆ ಸಮಗ್ರ ಮಾರ್ಗದರ್ಶಿ

ಕೆರಿಬಿಯನ್ ಪ್ರವಾಸ ಎಂದಕೂಡಲೇ ಟ್ರಾವೆಲ್ ಏಜೆಂಟರು ಮುಂದಿಡುವುದು ವಾರದಲ್ಲಿ ಐದಾರು ದ್ವೀಪ ಮುಟ್ಟಿಸಿ ತರುವ ಕ್ರೂಸ್ ಹಡಗನ್ನು. ಬೆಳಿಗ್ಗೆ ಇಳಿಸುತ್ತಾರೆ, ಸಂಜೆ ಹತ್ತಿಸುತ್ತಾರೆ. ಯಾವ ದ್ವೀಪದಲ್ಲಿ ಏನು ನೋಡಿದೆವು ಎಂಬುದು ಊರಿಗೆ ಬರುವಷ್ಟರಲ್ಲಿ ಕಲಸಿಹೋಗಿರುತ್ತದೆ. ಅಷ್ಟು ದೂರ, ಅಷ್ಟು ಖರ್ಚು ಮಾಡಿ ಹೋಗುವವರು ಒಂದೇ ಪುಟ್ಟ ದ್ವೀಪ ಆರಿಸಿಕೊಂಡು ಅಲ್ಲೇ ಮೂರು ನಾಲ್ಕು ವಾರ ಮನೆ ಮಾಡಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ನಾನು ಹೇಳುವ ಹೆಸರು ಬೆಕ್ವೇ.

ಇದು ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ಎಂಬ ದೇಶಕ್ಕೆ ಸೇರಿದ ದ್ವೀಪ. ಮುಖ್ಯ ದ್ವೀಪವಾದ ಸೇಂಟ್ ವಿನ್ಸೆಂಟ್‌ನಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್. ವಿಸ್ತೀರ್ಣ 18 ಚದರ ಕಿಲೋಮೀಟರ್, ಜನ ಹೆಚ್ಚುಕಡಿಮೆ ಐದು ಸಾವಿರ. ಒಂದೇ ಪೇಟೆ, ಪೋರ್ಟ್ ಎಲಿಜಬೆತ್. ಅದರ ಮುಂದೆ ಪಶ್ಚಿಮಕ್ಕೆ ತೆರೆದುಕೊಂಡ ಅಡ್ಮಿರಾಲ್ಟಿ ಕೊಲ್ಲಿ, ಕೊಲ್ಲಿಯ ತುಂಬ ಹಾಯಿದೋಣಿಗಳು. ಕಾಲ್ನಡಿಗೆಯಲ್ಲೇ ಊರೂರು ಮುಟ್ಟಬಹುದು. ಇನ್ನೊಂದು ಸಂಗತಿ ನಮ್ಮವರಿಗೆ ಇಷ್ಟವಾಗುತ್ತದೆ: ಬೆಂಗಳೂರು, ಮಂಗಳೂರು ಇರುವ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಬೆಕ್ವೇಯೂ ಇದೆ. ಹಗಲು ರಾತ್ರಿಯ ಉದ್ದ, ನೆತ್ತಿಯ ಬಿಸಿಲು ಎಲ್ಲ ಪರಿಚಿತವೇ. ಬಿಸಿಲಿಗೆ ಜೊತೆಯಾಗಿ ಈಶಾನ್ಯದ ವಾಣಿಜ್ಯ ಮಾರುತ ವರ್ಷದ ಬಹುಕಾಲ ಬೀಸುತ್ತಿರುವುದರಿಂದ ಕರಾವಳಿಯ ಬೆವರು ಮಾತ್ರ ಅಷ್ಟಿಲ್ಲ.

ಹೆಜ್ಜೆ 1: ತಿಂಗಳು ಗೊತ್ತುಮಾಡಿಕೊಳ್ಳಿ

ಜನವರಿಯಿಂದ ಮೇವರೆಗೆ ಒಣಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ದಕ್ಷಿಣದ ದ್ವೀಪಗಳಿಗೆ ಚಂಡಮಾರುತ ಕಡಿಮೆ ಎಂಬ ಮಾತು ನಿಜ. ಆದರೆ ಆ ಮಾತನ್ನೇ ನಂಬಿ ಕೂರಬೇಡಿ. 2024ರ ಜುಲೈ 1ರಂದು ಬಂದ ಬೆರಿಲ್ ಚಂಡಮಾರುತ ಇದೇ ಸಾಲಿನ ಯೂನಿಯನ್ ದ್ವೀಪ, ಮೇರೋ, ಪಕ್ಕದ ದೇಶದ ಕ್ಯಾರಿಯಾಕೂಗಳಲ್ಲಿ ಮನೆಗಳ ಛಾವಣಿಯನ್ನೇ ಉಳಿಸಲಿಲ್ಲ. ಬೆಕ್ವೇಗೆ ತಗುಲಿದ ಪೆಟ್ಟು ಅದಕ್ಕಿಂತ ಎಷ್ಟೋ ಕಡಿಮೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಬಿಟ್ಟುಬಿಡಿ.

ಉಳಿದ ತಿಂಗಳಲ್ಲಿ ನನ್ನ ಆಯ್ಕೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಚಳಿದೇಶಗಳಿಂದ ಬಂದವರು ಹಿಂತಿರುಗಿರುತ್ತಾರೆ, ಬಾಡಿಗೆ ಇಳಿಯುತ್ತದೆ, ಜನವರಿಯ ಬಿರುಗಾಳಿ ತಗ್ಗಿರುತ್ತದೆ, ಸಮುದ್ರ ತಿಳಿಯಾಗಿರುತ್ತದೆ. ಈಸ್ಟರ್ ರಜೆಯಲ್ಲಿ ಬೆಕ್ವೇಯ ದೊಡ್ಡ ಹಬ್ಬವಾದ ಹಾಯಿದೋಣಿ ಪಂದ್ಯ, ಅಂದರೆ ರೆಗಟ್ಟಾ, ನಡೆಯುತ್ತದೆ. ಅದನ್ನು ನೋಡಬೇಕಾದರೆ ಮನೆಯನ್ನು ಬಹಳ ಮೊದಲೇ ಹಿಡಿದಿಡಬೇಕು. ಡಿಸೆಂಬರ್ ಮಧ್ಯಕ್ಕೆ ಹೋಗುವವರಿಗೆ ಬೇರೆಯದೇ ಒಂದು ಸೊಗಸಿದೆ. ಕ್ರಿಸ್‌ಮಸ್‌ಗೆ ಮುನ್ನ ಒಂಬತ್ತು ದಿನ ಈ ದೇಶದ ಜನ ನಸುಕಿಗೆ ಮೊದಲೇ ಎದ್ದು ಬೀದಿಯಲ್ಲಿ ಹಾಡು, ಕುಣಿತ, ಚಹಾ ಎಂದು ಸೇರುತ್ತಾರೆ. 'ನೈನ್ ಮಾರ್ನಿಂಗ್ಸ್' ಎಂಬ ಈ ರೂಢಿ ನಮ್ಮ ಧನುರ್ಮಾಸದ ಮೊದಲ ದಿನಗಳಲ್ಲೇ ಬೀಳುತ್ತದೆ. ಕತ್ತಲಲ್ಲಿ ಸ್ನಾನ ಮಾಡಿ ಗುಡಿಗೆ ಹೋಗಿ ಹುಗ್ಗಿ ತಿಂದು ಬಂದ ಬಾಲ್ಯವಿರುವವರಿಗೆ ಆ ಹೊತ್ತಿನ ಸಡಗರ ಅಪರಿಚಿತ ಅನ್ನಿಸುವುದಿಲ್ಲ.

ಹೆಜ್ಜೆ 2: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗೆ ಸೇಂಟ್ ವಿನ್ಸೆಂಟ್‌ಗೆ ಮೊದಲೇ ವೀಸಾ ತೆಗೆಸುವ ಅಗತ್ಯವಿಲ್ಲ. ದಾರಿಯಲ್ಲಿ ವಿಮಾನ ಬದಲಿಸುವ ಬಾರ್ಬಡೋಸ್‌ಗೂ ಇಲ್ಲ. ಹಿಂತಿರುಗುವ ಟಿಕೆಟ್, ಉಳಿಯುವ ಮನೆಯ ವಿಳಾಸ, ಖರ್ಚಿಗೆ ಹಣವಿದೆ ಎಂಬ ದಾಖಲೆ ಕೈಯಲ್ಲಿರಲಿ. ಎಷ್ಟು ದಿನ ಇರಬಹುದೆಂದು ಇಮಿಗ್ರೇಷನ್ ಅಧಿಕಾರಿ ಮುದ್ರೆ ಒತ್ತಿ ಬರೆಯುತ್ತಾರೆ. ಮುದ್ರೆಯ ಮೇಲಿನ ದಿನಾಂಕವನ್ನು ಅಲ್ಲೇ ಕೌಂಟರ್‌ನಲ್ಲಿ ನಿಂತು ಓದಿಕೊಳ್ಳಿ, ನಿಮ್ಮ ತಿಂಗಳಿಗೆ ಸಾಲದಿದ್ದರೆ ಆಗಲೇ ಕೇಳಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುನ್ನ ಆ ದೇಶದ ಸರ್ಕಾರಿ ಜಾಲತಾಣ ನೋಡುವುದು ಕಡ್ಡಾಯ.

ತೊಡಕು ಬರುವುದು ದ್ವೀಪದಲ್ಲಲ್ಲ, ದಾರಿಯಲ್ಲಿ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸಲಿಕ್ಕೂ ಅಲ್ಲಿನ ವೀಸಾ ಬೇಕು. ಬ್ರಿಟನ್ ಮೂಲಕ ಹೋದರೆ ನಿಲ್ದಾಣದ ಒಳಗೇ ಇದ್ದರೂ ಭಾರತೀಯರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು, ಅಮೆರಿಕ ಅಥವಾ ಕೆನಡಾ ವೀಸಾ ಇದ್ದವರಿಗೆ ವಿನಾಯಿತಿಗಳಿವೆ. ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹೊರಡುವ ಅಗ್ಗದ ಟಿಕೆಟ್ ಕಂಡರೆ ಎಚ್ಚರ. ಆಗ ನೀವು ಬ್ರಿಟನ್ ಒಳಗೆ ಕಾಲಿಟ್ಟಂತೆಯೇ, ಅದಕ್ಕೆ ತಕ್ಕ ವೀಸಾ ಇರಬೇಕು.

ಹಳದಿ ಜ್ವರದ ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಅಲ್ಲಿಗೆ ಹೋಗುವ ಇನ್ನೊಂದು ದಾರಿಯಾದ ಟ್ರಿನಿಡಾಡ್ ಭಾರತದ ಪಟ್ಟಿಯಲ್ಲಿ ಹಳದಿ ಜ್ವರದ ಪ್ರದೇಶ. ಆ ದ್ವೀಪ ಸುತ್ತಿಕೊಂಡು ಆರು ದಿನದೊಳಗೆ ಊರಿಗೆ ಮರಳುವವರ ಬಳಿ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಕ್ವಾರಂಟೀನ್‌ಗೆ ಹಾಕಬಹುದು. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆಯೇ ಆ ಪುಸ್ತಕಕ್ಕೆ ಬೆಲೆ. ಆದ್ದರಿಂದ ಬಾರ್ಬಡೋಸ್ ದಾರಿಯೇ ನೆಮ್ಮದಿ.

ಹೆಜ್ಜೆ 3: ದಾರಿ

ಬೆಂಗಳೂರಿನಿಂದ ಲಂಡನ್, ಅಲ್ಲಿಂದ ಸುಮಾರು ಒಂಬತ್ತು ಗಂಟೆಯ ಹಾರಾಟದಲ್ಲಿ ಬಾರ್ಬಡೋಸ್. ಬಾರ್ಬಡೋಸ್‌ನಿಂದ ಮುಂದಕ್ಕೆ ಎರಡು ದಾರಿ. ಒಂದು, ಪುಟ್ಟ ವಿಮಾನದಲ್ಲಿ ನೇರ ಬೆಕ್ವೇಗೆ. 1992ರಲ್ಲಿ ತೆರೆದ ಇಲ್ಲಿನ ಕಿರು ನಿಲ್ದಾಣಕ್ಕೆ ಇದೇ ದ್ವೀಪದವರಾದ ಮಾಜಿ ಪ್ರಧಾನಿ ಜೇಮ್ಸ್ ಮಿಚೆಲ್ ಅವರ ಹೆಸರಿದೆ. ಎರಡು, ಸೇಂಟ್ ವಿನ್ಸೆಂಟ್‌ನ ಆರ್ಗೈಲ್ ನಿಲ್ದಾಣಕ್ಕೆ ಹೋಗಿ, ಟ್ಯಾಕ್ಸಿಯಲ್ಲಿ ರಾಜಧಾನಿ ಕಿಂಗ್ಸ್‌ಟೌನ್ ಬಂದರಿಗೆ ಬಂದು ದೋಣಿ ಹತ್ತುವುದು. 2017ರಲ್ಲಿ ಆರ್ಗೈಲ್ ಆದಮೇಲೆ ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಕೆಲಸ ಹಗುರವಾಗಿದೆ. ಮಯಾಮಿ, ಟೊರಾಂಟೊಗಳಿಂದ ಅಲ್ಲಿಗೆ ನೇರ ವಿಮಾನವಿದೆ.

ಪುಟ್ಟ ವಿಮಾನದಲ್ಲಿ ಲಗೇಜ್ ಮಿತಿ ಬಿಗಿ, ಟಿಕೆಟ್ ದುಬಾರಿ. ನಾನಾದರೆ ದೋಣಿಯನ್ನೇ ಹೇಳುತ್ತೇನೆ. ಕಿಂಗ್ಸ್‌ಟೌನ್‌ನಿಂದ ಒಂದು ಗಂಟೆ. ತರಕಾರಿ ಚೀಲ, ಸಿಮೆಂಟು, ಫ್ರಿಜ್ಜು, ಶಾಲೆಯ ಮಕ್ಕಳು, ಕಾರು ಎಲ್ಲ ಅದೇ ದೋಣಿಯಲ್ಲಿ ಬರುವುದರಿಂದ ದ್ವೀಪ ಹೇಗೆ ಬದುಕುತ್ತದೆ ಎಂಬುದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಎರಡು ದ್ವೀಪಗಳ ನಡುವಿನ ಜಲಸಂಧಿಯಲ್ಲಿ ಅಟ್ಲಾಂಟಿಕ್‌ನ ಅಲೆ ನೇರ ನುಗ್ಗುವುದರಿಂದ ದೋಣಿ ಚೆನ್ನಾಗಿಯೇ ಹೊಯ್ದಾಡುತ್ತದೆ. ವಾಕರಿಕೆಯ ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ನುಂಗಿ, ಎಸಿ ಕೋಣೆ ಬಿಟ್ಟು ಹಿಂಭಾಗದಲ್ಲಿ ಗಾಳಿಗೆ ಕುಳಿತು ದಿಗಂತ ನೋಡುತ್ತಿರಿ. ಭಾನುವಾರ ದೋಣಿಗಳು ಕಡಿಮೆ. ವಿಮಾನ ತಡವಾಗಿ ಕೊನೆಯ ದೋಣಿ ತಪ್ಪುವುದು ಸಾಮಾನ್ಯ, ಹಾಗಾಗಿ ಮಧ್ಯಾಹ್ನದೊಳಗೆ ಆರ್ಗೈಲ್ ತಲುಪುವ ವಿಮಾನವನ್ನೇ ಹಿಡಿಯಿರಿ. ಇಲ್ಲವೇ ಕಿಂಗ್ಸ್‌ಟೌನ್‌ನಲ್ಲಿ ಒಂದು ರಾತ್ರಿ ತಂಗುವ ಲೆಕ್ಕ ಇಟ್ಟುಕೊಳ್ಳಿ.

ಹೆಜ್ಜೆ 4: ಮನೆ ಹಿಡಿಯುವುದು

ಈ ಇಡೀ ಯೋಜನೆಯಲ್ಲಿ ಹೆಚ್ಚು ಯೋಚಿಸಬೇಕಾದ್ದು ಇದನ್ನೇ. ದ್ವೀಪ ಚಿಕ್ಕದು, ಎಲ್ಲಿದ್ದರೇನು ಎನ್ನುತ್ತಾರೆ. ಹಾಗಲ್ಲ. ಬೆಕ್ವೇ ಪೂರ್ತಿ ಗುಡ್ಡ, ಫೋಟೋದಲ್ಲಿ ಕಣ್ಣು ಕೋರೈಸುವ ಮನೆಗಳೆಲ್ಲ ಗುಡ್ಡದ ತಲೆಯಲ್ಲಿರುತ್ತವೆ. ಅಲ್ಲಿಂದ ಹಾಲು ತರಲೂ ಟ್ಯಾಕ್ಸಿ ಬೇಕು. ತಿಂಗಳಿಗೆ ಇರುವವರು ಬೆಲ್ಮಾಂಟ್ ಅಥವಾ ಲೋಯರ್ ಬೇ ನೋಡಲಿ. ಬೆಲ್ಮಾಂಟ್‌ನಿಂದ ಪೇಟೆಗೆ ನೀರಂಚಿನ ಕಾಲುದಾರಿ, ಲೋಯರ್ ಬೇಯಲ್ಲಿ ಮನೆ ಬಾಗಿಲಿಗೇ ಮರಳು. ದಕ್ಷಿಣದ ಫ್ರೆಂಡ್‌ಶಿಪ್ ಬೇ ಇನ್ನೂ ನಿಶ್ಶಬ್ದ, ಪೇಟೆ ಸ್ವಲ್ಪ ದೂರ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಬೆಲ್ಮಾಂಟ್ ಬಿಟ್ಟು ಬೇರೆ ಯೋಚನೆ ಬೇಡ, ಆದರೆ ಗೇಟಿನಿಂದ ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳಿಯೇ ಮುಂಗಡ ಕೊಡಿ.

ಎರಡನೇ ಪ್ರಶ್ನೆ ನೀರು. ಬೆಕ್ವೇಯಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಪ್ರತಿ ಮನೆಯ ಛಾವಣಿಯಂಚಿಗೆ ದೋಣಿಯಾಕಾರದ ತಗಡು, ಅದರಿಂದ ಒಂದು ಕೊಳವೆ, ಕೊಳವೆ ಹೋಗಿ ಬೀಳುವುದು ಮನೆಯ ಅಡಿಯಲ್ಲೇ ಕಟ್ಟಿದ ಕಾಂಕ್ರೀಟ್ ತೊಟ್ಟಿಗೆ. ಮಳೆಗಾಲದಲ್ಲಿ ತುಂಬಿದ್ದೇ ಬೇಸಿಗೆಗೂ. ವರಾಂಡದ ನೆಲದಲ್ಲಿ ಒಂದು ಚೌಕಾಕಾರದ ಮುಚ್ಚಳ ಕಾಣುತ್ತದಲ್ಲ, ಅದನ್ನು ಎತ್ತಿ ಇಣುಕಿದರೆ ಕತ್ತಲಲ್ಲಿ ತಣ್ಣಗೆ ಹೊಳೆಯುವ ನೀರು, ಗೋಡೆಯ ಮೇಲೆ ಹೋದ ತಿಂಗಳುಗಳ ಮಟ್ಟ ತೋರಿಸುವ ಗೆರೆಗಳು. ಏಪ್ರಿಲ್, ಮೇ ಹೊತ್ತಿಗೆ ಆ ಗೆರೆ ಕೆಳಗೆ ಇಳಿದಿರುತ್ತದೆ. ಮನೆ ಗೊತ್ತುಮಾಡುವಾಗ ಮಾಲೀಕರಿಗೆ ನೇರ ಕೇಳಿ: ತೊಟ್ಟಿ ಎಷ್ಟು ದೊಡ್ಡದು, ಈಗ ಎಷ್ಟಿದೆ, ಖಾಲಿಯಾದರೆ ಲಾರಿ ನೀರಿನ ದುಡ್ಡು ಯಾರದು? ಶವರ್ ಕೆಳಗೆ ನಿಲ್ಲುವ ಬದಲು ಬಕೆಟ್ಟು, ಚೊಂಬು ಹಿಡಿಯುವವರನ್ನು ಕಂಡರೆ ಅಲ್ಲಿನವರಿಗೆ ಬಹಳ ಸಮಾಧಾನ. ಕುಡಿಯಲು ಕುದಿಸಿ ಆರಿಸಿಕೊಳ್ಳಿ.

ಮೂರನೆಯದು ಗಾಳಿ. ಕಿಟಕಿಗಳು ಪೂರ್ವಕ್ಕೆ ತೆರೆದಿದ್ದರೆ ಎಸಿಯ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಕರೆಂಟು ತುಟ್ಟಿ, ಕೆಲವು ಮನೆಗಳಲ್ಲಿ ಎಸಿ ಬಳಕೆಗೆ ಬೇರೆಯೇ ಬಿಲ್ಲು. ಸೊಳ್ಳೆಪರದೆ ಇದೆಯೇ, ಅಡುಗೆ ಗ್ಯಾಸಿಗೆ ಇನ್ನೊಂದು ಸಿಲಿಂಡರ್ ಇದೆಯೇ, ಹೇಳಿದ ಬಾಡಿಗೆಯಲ್ಲಿ ತೆರಿಗೆ ಮತ್ತು ಸರ್ವಿಸ್ ಚಾರ್ಜ್ ಸೇರಿದೆಯೇ, ಇವನ್ನೂ ಬರಹದಲ್ಲೇ ತರಿಸಿಕೊಳ್ಳಿ. ಮೊದಲು ಒಂದು ವಾರಕ್ಕೆ ಮಾತ್ರ ಹಣ ಕಟ್ಟಿ, ಮನೆ ಹಿಡಿಸಿದರೆ ತಿಂಗಳ ದರಕ್ಕೆ ಮಾತಾಡುವುದು ಜಾಣತನ. ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಹೆಜ್ಜೆ 5: ಹಣ ಮತ್ತು ಸಾಮಾನು

ಅಲ್ಲಿನ ನಾಣ್ಯ ಪೂರ್ವ ಕೆರಿಬಿಯನ್ ಡಾಲರ್. 1976ರಿಂದಲೂ ಒಂದು ಅಮೆರಿಕನ್ ಡಾಲರ್‌ಗೆ 2.70 ಎಂಬ ದರ ಬದಲಾಗಿಲ್ಲ. ಬೆಲೆ ಕೇಳಿದಾಗ ಯಾವ ಡಾಲರ್ ಎಂದು ಕೇಳಲು ಮರೆಯಬೇಡಿ, ವ್ಯತ್ಯಾಸ ಎರಡೂವರೆ ಪಟ್ಟಿಗಿಂತ ಜಾಸ್ತಿ. ಪೇಟೆಯಲ್ಲಿ ಎಟಿಎಂ ಇದೆ, ಸಂತೆಗೆ ಮತ್ತು ವ್ಯಾನಿಗೆ ಚಿಲ್ಲರೆ ನೋಟು ಬೇಕು.

ಕರೆಂಟು ನಮ್ಮಂತೆಯೇ 230 ವೋಲ್ಟ್ ಆಸುಪಾಸು, 50 ಹರ್ಟ್ಸ್. ಬ್ರಿಟನ್ನಿನ ಮೂರು ಚೌಕ ಕಡ್ಡಿಯ ಅಡಾಪ್ಟರ್ ಒಯ್ದರೆ ಸಾಕು. ಒಂದು ಚಿಕ್ಕ ಕುಕ್ಕರ್, ಸೀಲ್ ಮಾಡಿದ ಪೊಟ್ಟಣದಲ್ಲಿ ಸಾರಿನ ಪುಡಿ, ಹುಳಿಪುಡಿ, ಇಂಗು ಇಟ್ಟುಕೊಳ್ಳಿ. ಕಸ್ಟಮ್ಸ್‌ನಲ್ಲಿ ಇದೆ ಎಂದು ಹೇಳಿಬಿಡಿ. ಹಸಿ ಸೊಪ್ಪು, ಗಿಡ, ಹಣ್ಣು ಒಯ್ಯಬೇಡಿ. ಗಿಡಮರದ ಚಿತ್ತಾರದ ಮಿಲಿಟರಿ ಬಣ್ಣದ ಬಟ್ಟೆ ಒಂದೂ ಇರಬಾರದು, ಮಕ್ಕಳದ್ದೂ ಸಹ. ಈ ದೇಶದಲ್ಲಿ ಸಾರ್ವಜನಿಕರು ಅದನ್ನು ತೊಡುವುದು ಕಾನೂನಿಗೆ ವಿರುದ್ಧ.

ಹೆಜ್ಜೆ 6: ಮೊದಲ ವಾರ ಏನೂ ಬುಕ್ ಮಾಡಬೇಡಿ

ದೇಹ ಒಂಬತ್ತೂವರೆ ಗಂಟೆ ಹಿಂದಕ್ಕೆ ಹೊಂದಿಕೊಳ್ಳಬೇಕು. ಮೊದಲ ನಾಲ್ಕೈದು ದಿನ ನಸುಕಿಗೇ ಎಚ್ಚರವಾಗುತ್ತದೆ. ಎದ್ದುಬಿಡಿ, ದ್ವೀಪದ ಅತ್ಯುತ್ತಮ ಹೊತ್ತು ಅದೇ. ಬೆಳಿಗ್ಗೆ ಏಳಕ್ಕೆ ಊರಿಗೆ ಫೋನ್ ಮಾಡಿದರೆ ಅಲ್ಲಿ ಸಂಜೆ ನಾಲ್ಕೂವರೆ, ಅಮ್ಮ ಕಾಫಿ ಕುಡಿಯುವ ಸಮಯ. ಡಿಜಿಸೆಲ್ ಅಥವಾ ಫ್ಲೋ ಸಿಮ್ ಹಾಕಿಸಿಕೊಳ್ಳಿ.

ದೋಣಿಕಟ್ಟೆಯ ಹತ್ತಿರ ಬಾದಾಮಿ ಮರಗಳ ನೆರಳಿನಲ್ಲಿ ಟ್ಯಾಕ್ಸಿಗಳು ನಿಲ್ಲುತ್ತವೆ. ಹಿಂದೆ ಬೆಂಚು ಹಾಕಿ ಮೇಲೆ ಹೊದಿಕೆ ಕಟ್ಟಿದ ಪಿಕಪ್ ಗಾಡಿಗಳವು. ದರ ಹತ್ತುವ ಮೊದಲೇ ಮಾತಾಡಿ. ಹಿಡಿಸಿದ ಒಬ್ಬ ಚಾಲಕರ ನಂಬರ್ ಇಟ್ಟುಕೊಂಡರೆ ತಿಂಗಳಿಡೀ ಅವರೇ ನಿಮ್ಮ ಮಾಹಿತಿ ಕೇಂದ್ರ. ಕಡಿಮೆ ಖರ್ಚಿಗೆ ವ್ಯಾನುಗಳಿವೆ, ಕೈಯೆತ್ತಿದರೆ ನಿಲ್ಲುತ್ತವೆ. ಕಾರು ಬಾಡಿಗೆಗೆ ಹಿಡಿಯುವುದು ನನ್ನ ಮಟ್ಟಿಗೆ ವ್ಯರ್ಥ.

ಅಂಗಡಿಗೆ ಕಾಲಿಟ್ಟಾಗ, ವ್ಯಾನು ಹತ್ತಿದಾಗ, ದಾರಿ ಕೇಳುವಾಗ, ಮೊದಲು ನಮಸ್ಕಾರ ಹೇಳಬೇಕು. 'ಗುಡ್ ಮಾರ್ನಿಂಗ್' ಹೇಳದೆ ನೇರ "ಟೊಮೆಟೊ ಎಷ್ಟು?" ಎಂದರೆ ಅಲ್ಲಿ ಅದು ದೊಡ್ಡ ಒರಟುತನ. ಈಜುಡುಗೆಯಲ್ಲಿ ಪೇಟೆ ಸುತ್ತುವುದನ್ನೂ ಅವರು ಮೆಚ್ಚುವುದಿಲ್ಲ, ಮೇಲೊಂದು ಅಂಗಿ ಇರಲಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ.

ಹೆಜ್ಜೆ 7: ಸಂತೆ ಮತ್ತು ಒಲೆ

ಸಸ್ಯಾಹಾರಿಗಳು ಕೆರಿಬಿಯನ್‌ನಲ್ಲಿ ಉಪವಾಸ ಬೀಳುತ್ತಾರೆ ಎಂಬ ಭಯ ಬೆಕ್ವೇಗೆ ಅನ್ವಯಿಸುವುದಿಲ್ಲ, ಮನೆಯಲ್ಲಿ ಒಲೆ ಇದ್ದರೆ. ಪೋರ್ಟ್ ಎಲಿಜಬೆತ್‌ನ ತರಕಾರಿ ಮಾರುಕಟ್ಟೆಯನ್ನು ನಡೆಸುವವರು ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದವರು. ಅವರ 'ಐಟಲ್' ಅಡುಗೆಯೇ ಮಾಂಸ ಬಿಟ್ಟು, ಉಪ್ಪು ಕಡಿಮೆ ಮಾಡಿ, ತೆಂಗಿನಹಾಲಿನಲ್ಲಿ ಗೆಡ್ಡೆ, ಸೊಪ್ಪು, ಕಾಳು ಬೇಯಿಸುವಂಥದ್ದು. ಮಾರುಕಟ್ಟೆಯಲ್ಲಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ, ಗಲಿಬಿಲಿಯಾಗುತ್ತದೆ. ಒಬ್ಬರನ್ನು ಆರಿಸಿಕೊಂಡು ಅವರಲ್ಲೇ ವ್ಯಾಪಾರ ಮಾಡಿ. ಎರಡನೇ ವಾರದಿಂದ ಅವರೇ ಒಳ್ಳೆಯದನ್ನು ಎತ್ತಿಡುತ್ತಾರೆ.

ಬುಟ್ಟಿಗಳ ಮುಂದೆ ನಿಂತರೆ ನಮ್ಮ ಅಡುಗೆಮನೆಯೇ ಅಲ್ಲಿ ಹರಡಿದೆ. ಸೀಮೆಬದನೆ, ಕೆಸುವಿನ ಗೆಡ್ಡೆ, ಅದರ ಎಲೆ, ಬೆಂಡೆ, ಬಾಳೆಕಾಯಿ, ಸಿಹಿಗೆಣಸು, ಶುಂಠಿ, ಅರಿಸಿನ, ಹುಣಸೆ, ಅಮಟೆಯ ಬಳಗದ ಹುಳಿಕಾಯಿ, ಋತು ಇದ್ದರೆ ಹಸಿ ತೊಗರಿ. ಕೆಸುವಿನೆಲೆಯಿಂದ ಅವರು ಮಾಡುವ 'ಕಲಾಲೂ' ಸೂಪು ಬಲು ರುಚಿ, ಹೋಟೆಲಿನಲ್ಲಿ ಮಾತ್ರ ಅದರಲ್ಲಿ ಏಡಿ ಅಥವಾ ಉಪ್ಪು ಹಾಕಿದ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ಮಕ್ಕಳಿಗೆ, ಹೊಟ್ಟೆ ಕೆಟ್ಟವರಿಗೆ ನಾವು ಗಂಜಿ ಕಾಯಿಸುವ ಆರಾರೂಟ್ ಹಿಟ್ಟಿದೆಯಲ್ಲ, ಒಂದು ಕಾಲದಲ್ಲಿ ಜಗತ್ತಿನ ಮಾರುಕಟ್ಟೆಗೆ ಅದರ ಬಹುಪಾಲು ಬರುತ್ತಿದ್ದುದು ಸೇಂಟ್ ವಿನ್ಸೆಂಟ್‌ನಿಂದಲೇ.

ರಾಜ ಮಾತ್ರ ಜೀಗುಜ್ಜೆ. ದೀವಿಹಲಸು ಎಂದೂ ಕರೆಯುವ ಇದನ್ನು ಪೆಸಿಫಿಕ್‌ನಿಂದ ಹಡಗಿನಲ್ಲಿ ತುಂಬಿ 1793ರಲ್ಲಿ ಸೇಂಟ್ ವಿನ್ಸೆಂಟ್‌ಗೆ ತಂದವನು ಕ್ಯಾಪ್ಟನ್ ವಿಲಿಯಂ ಬ್ಲೈ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಒದಗಿಸುವುದು ಆಗಿನ ಉದ್ದೇಶ. ಇವತ್ತು ಅದೇ ಕಾಯಿಯನ್ನು ಸುಟ್ಟು, ಕರಿದ ಮೀನಿನ ಜೊತೆ ತಿನ್ನುವುದು ಆ ದೇಶದ ರಾಷ್ಟ್ರೀಯ ಊಟ. ಸುಡುವ ಕ್ರಮ ಹೀಗೆ: ಬಲಿತ, ಸಿಪ್ಪೆಯ ಮೇಲೆ ಹಾಲು ಒಸರಿ ಒಣಗಿದ ಕಾಯಿ ಆರಿಸಿ. ತೊಟ್ಟಿನ ಕಡೆ ಚಾಕುವಿನಿಂದ ಅಡ್ಡ ಗೀರಿ. ಇಡೀ ಕಾಯಿಯನ್ನು ಕೆಂಡದ ಮೇಲೆ, ಇಲ್ಲವೇ ಗ್ಯಾಸಿನ ಸಣ್ಣ ಉರಿಯ ಮೇಲೆ ಇಟ್ಟು ತಿರುಗಿಸುತ್ತಾ ಇರಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮೈಯೆಲ್ಲ ಕರಿಯಾಗಿ, ಗೀರಿದ ತೊಟ್ಟಿನಿಂದ ಹಬೆ ಚಿಮ್ಮತೊಡಗಿದರೆ ಬೆಂದಿದೆ ಎಂದರ್ಥ. ಒದ್ದೆ ಬಟ್ಟೆಯಲ್ಲಿ ಹಿಡಿದು ಕರಕು ಕೆರೆದು, ನಡುವಿನ ದಿಂಡು ತೆಗೆದು, ಹೋಳು ಮಾಡಿ ಬೆಣ್ಣೆ ಸವರಿ ಬಿಸಿಬಿಸಿ ತಿನ್ನಬೇಕು. ಉಳಿದ ಹೋಳನ್ನು ಮರುದಿನ ಒಗ್ಗರಣೆಗೆ ಹಾಕಿದರೆ ಪಲ್ಯ. ಹಸಿಯದನ್ನು ತೆಳ್ಳಗೆ ಹೆಚ್ಚಿ ಪೋಡಿ ಕರಿದು ಪಕ್ಕದ ಮನೆಗೂ ಕೊಡಿ, ಗೆಳೆತನ ಅಲ್ಲಿಂದಲೇ ಶುರುವಾಗುತ್ತದೆ.

ರೋಟಿ ಎಂಬ ಫಲಕ ಬೀದಿಬೀದಿಗೆ ಕಾಣುತ್ತದೆ. ಆಲೂಗಡ್ಡೆ, ಕಡಲೆಯ ಕರಿಯನ್ನು ತೆಳ್ಳನೆಯ ರೊಟ್ಟಿಯಲ್ಲಿ ಪೊಟ್ಟಣದಂತೆ ಮಡಚಿ ಕೊಡುತ್ತಾರೆ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಭಾರತೀಯರನ್ನು ತಂದರಲ್ಲ, ಆ ಜನರ ಕೈಯಡುಗೆ ಇದು. ಸೇಂಟ್ ವಿನ್ಸೆಂಟ್‌ಗೆ ಮೊದಲ ಹಡಗು 'ಟ್ರಾವಂಕೋರ್' ಮದ್ರಾಸಿನಿಂದ ಬಂದು ತಲುಪಿದ್ದು 1861ರ ಜೂನ್ 1ರಂದು. ಈಗ ಆ ದಿನವನ್ನು ಭಾರತೀಯರ ಆಗಮನದ ದಿನವಾಗಿ ಅಲ್ಲಿ ನೆನೆಯುತ್ತಾರೆ.

ಮೀನು ತಿನ್ನುವವರಿಗೆ ಹೇಳುವುದೇ ಬೇಡ. ಪೇಜೆಟ್ ಫಾರ್ಮ್‌ನ ಬೆಸ್ತರ ಕೇರಿಗೆ ಹೋಗಿ ದೋಣಿ ಬಂದಾಗ ಕೊಳ್ಳಿ. ಮೇಯಿಂದ ಆಗಸ್ಟ್‌ವರೆಗೆ ಲಾಬ್ಸ್‌ಟರ್ ಹಿಡಿಯುವುದು ನಿಷಿದ್ಧ. ಆ ತಿಂಗಳಲ್ಲಿ ಯಾರಾದರೂ ಬಡಿಸುತ್ತೇನೆಂದರೆ ಬೇಡವೆನ್ನಿ.

ಹೆಜ್ಜೆ 8: ನಡೆದು ನೋಡುವುದು

ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ. ನಡುವಿನ ಬಿಸಿಲಿನಲ್ಲಿ ದ್ವೀಪದವರೂ ಹೊರಗೆ ಬರುವುದಿಲ್ಲ.

ಮೊದಲ ನಡಿಗೆ ಬೆಲ್ಮಾಂಟ್ ಕಾಲುದಾರಿ. ನೀರಿನ ಅಂಚಿನಲ್ಲೇ ಸಾಗಿ, ಮೆಟ್ಟಿಲು ಹತ್ತಿ ಬಂಡೆಯ ಮೂತಿ ದಾಟಿ ಪ್ರಿನ್ಸೆಸ್ ಮಾರ್ಗರೆಟ್ ಬೀಚಿಗೆ ಇಳಿಯುತ್ತದೆ. 1958ರಲ್ಲಿ ಬ್ರಿಟನ್ನಿನ ರಾಜಕುಮಾರಿ ಬಂದು ಈಜಿದ ಮೇಲೆ ಬಂದ ಹೆಸರು ಅದು. ಅದರಾಚೆಯ ದಿಬ್ಬ ದಾಟಿದರೆ ಲೋಯರ್ ಬೇ. ಎರಡನೆಯದು ಉತ್ತರಕ್ಕೆ, ಹ್ಯಾಮಿಲ್ಟನ್ ಕೋಟೆ. ನಾಲ್ಕಾರು ಹಳೆಯ ಫಿರಂಗಿ ಬಿಟ್ಟರೆ ಬೇರೇನಿಲ್ಲ, ಆದರೆ ಕೊಲ್ಲಿಯ ಪೂರ್ಣ ನೋಟ ಅಲ್ಲಿಂದಲೇ. ಅಮೆರಿಕದ ಮೊದಲ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ತಂದೆ ಬಹಳ ವರ್ಷ ಬಾಳಿದ್ದು ಈ ದ್ವೀಪದಲ್ಲಿ. ಮೂರನೆಯದು ಸ್ವಲ್ಪ ಕಷ್ಟದ್ದು, 268 ಮೀಟರ್ ಎತ್ತರದ ಪೆಗ್ಗಿ ಬೆಟ್ಟ. ದಾರಿ ಪೊದೆಯಲ್ಲಿ ತಪ್ಪುತ್ತದೆ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತುದಿಯ ಬಂಡೆ ಹತ್ತಿದರೆ ದಕ್ಷಿಣಕ್ಕೆ ಗ್ರೆನಡೀನ್ಸ್ ದ್ವೀಪಗಳ ಸಾಲು ಕಾಣುತ್ತದೆ.

ಈಶಾನ್ಯದ ಪಾರ್ಕ್ ಬೀಚಿನಲ್ಲಿ ಆರ್ಟನ್ ಕಿಂಗ್ 1995ರಲ್ಲಿ ಶುರುಮಾಡಿದ ಓಲ್ಡ್ ಹೆಗ್ ಆಮೆಧಾಮ ಇದೆ. ಅಳಿವಿನಂಚಿನ ಹಾಕ್ಸ್‌ಬಿಲ್ ಆಮೆಮರಿಗಳನ್ನು ತೊಟ್ಟಿಗಳಲ್ಲಿ ಸಾಕಿ, ಬಲಿತ ಮೇಲೆ ಕಡಲಿಗೆ ಬಿಡುತ್ತಾರೆ. ಈ ಪೂರ್ವ ದಂಡೆಗೆ ಕೆಲವು ತಿಂಗಳು ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿ ಬಂದು ಬೀಳುತ್ತದೆ. 2011ರಿಂದ ಇಡೀ ಕೆರಿಬಿಯನ್‌ಗೆ ಈ ಕಾಟ. ಕೊಳೆತಾಗ ಮೊಟ್ಟೆ ಕೆಟ್ಟ ವಾಸನೆ, ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದು.

ಹೆಜ್ಜೆ 9: ನೀರಿಗೆ ಇಳಿಯುವ ಮುನ್ನ

ಈಜಿಗೆ ಪಶ್ಚಿಮದ ದಂಡೆ ಸುರಕ್ಷಿತ: ಪ್ರಿನ್ಸೆಸ್ ಮಾರ್ಗರೆಟ್, ಲೋಯರ್ ಬೇ. ಪೂರ್ವದ ಹೋಪ್ ಬೇ ನೋಡಲು ಬಲು ಚೆಂದ, ಒಳಸೆಳೆತ ಜೋರು. ಅಲ್ಲಿ ನೀರಿಗೆ ಇಳಿಯಲೇಬೇಡಿ. ಮುಖವಾಡ ಹಾಕಿ ಹವಳ ನೋಡಲು ಬೀಚುಗಳ ಎರಡು ತುದಿಯ ಬಂಡೆಗಳ ಬಳಿ ಹೋಗಿ, ಕಾಲೂರಬೇಡಿ. ಮುಳ್ಳಿನ ಕಡಲುಚೆಂಡುಗಳಿರುತ್ತವೆ, ಹವಳವೂ ಮುರಿಯುತ್ತದೆ. ವಿದೇಶಿಯರು ಈಟಿಯಿಂದ ಮೀನು ಹೊಡೆಯುವಂತಿಲ್ಲ. ಕೊಲ್ಲಿಯ ಉತ್ತರ ತುದಿಯ 'ಡೆವಿಲ್ಸ್ ಟೇಬಲ್' ಡೈವಿಂಗ್‌ಗೆ ಹೆಸರಾದ ಜಾಗ, ಕಲಿಯುವವರಿಗೆ ಪೇಟೆಯಲ್ಲೇ ತರಬೇತಿ ಅಂಗಡಿಗಳಿವೆ.

ಬೀಚಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಗುರುತಿಸಬೇಕಾದ್ದು ಮ್ಯಾಂಚಿನೀಲ್ ಮರವನ್ನು. ಹೊಳೆಯುವ ಹಸಿರೆಲೆ, ಎಲೆಯ ನಡುವೆ ಹಳದಿ ನರ, ಕೆಳಗೆ ಮರಳಿನ ಮೇಲೆ ಉದುರಿದ ನೆಲ್ಲಿಗಿಂತ ಸ್ವಲ್ಪ ದೊಡ್ಡ, ಪುಟ್ಟ ಸೇಬಿನಂಥ ಹಸಿರು ಕಾಯಿ. ವಾಸನೆಯೂ ಸಿಹಿ. ಆ ಕಾಯಿ ಕಚ್ಚಿದರೆ ಬಾಯಿ, ಗಂಟಲು ಸುಟ್ಟು ಬಾತುಕೊಳ್ಳುತ್ತದೆ. ಅದರ ಹಾಲು ತಾಗಿದ ಚರ್ಮ ಬೊಬ್ಬೆಯೇಳುತ್ತದೆ. ಮಳೆ ಬಂದಾಗ ಅದರಡಿ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರೇ ಸಾಕು. ಒಣಕಟ್ಟಿಗೆ ಉರಿಸಿದ ಹೊಗೆ ಕಣ್ಣಿಗೆ ಅಪಾಯ. ಕೆಲವು ಮರಕ್ಕೆ ಕೆಂಪು ಪಟ್ಟೆ ಬಳಿದಿರುತ್ತಾರೆ, ಎಲ್ಲಕ್ಕೂ ಅಲ್ಲ. ಮಕ್ಕಳಿಗೆ ಮೊದಲ ದಿನವೇ ಮರ ತೋರಿಸಿ, ನೆಲದ ಮೇಲಿನ ಯಾವ ಹಣ್ಣನ್ನೂ ಮುಟ್ಟಬಾರದೆಂದು ಹೇಳಿ.

ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತದೆ. ಡೆಂಗಿ ಸೊಳ್ಳೆಯೂ ಇದೆ. ಕಾಲಿಗೆ ಕ್ರೀಮು ಸವರಿಯೇ ಹೊರಡಿ.

ಹೆಜ್ಜೆ 10: ದೋಣಿ ಕಟ್ಟುವವರ ಜೊತೆ ಒಂದು ಮಧ್ಯಾಹ್ನ

ಬೆಕ್ವೇಯ ಜನ ಮೊದಲಿನಿಂದಲೂ ದೋಣಿ ಕಟ್ಟುವವರು, ಕಡಲಿಗೆ ಹೋಗುವವರು. ಇಲ್ಲಿನ ದಂಡೆಯಲ್ಲೇ ಕಟ್ಟಿ 1969ರಲ್ಲಿ ನೀರಿಗಿಳಿಸಿದ 'ಫ್ರೆಂಡ್‌ಶಿಪ್ ರೋಸ್' ಎಂಬ ಮರದ ಹಾಯಿಹಡಗು ವರ್ಷಾನುಗಟ್ಟಲೆ ಟಪಾಲು, ಪ್ರಯಾಣಿಕರನ್ನು ಸೇಂಟ್ ವಿನ್ಸೆಂಟ್‌ಗೆ ಸಾಗಿಸಿತು. ಈಗ ಅದು ಪ್ರವಾಸಿಗರನ್ನು ಕರೆದೊಯ್ಯುತ್ತದೆ.

ಕೊಲ್ಲಿಯಂಚಿನ ಮಾದರಿ ದೋಣಿ ಅಂಗಡಿಗಳಲ್ಲಿ ಸುಮ್ಮನೆ ನಿಂತು ನೋಡಿ. ಒಂದೇ ಮರದ ತುಂಡನ್ನು ಮಚ್ಚಿನಿಂದ ಒರಟಾಗಿ ಕೆತ್ತಿ, ಆಮೇಲೆ ಉಳಿ, ಗಾಜಿನ ಚೂರು, ಮರಳುಕಾಗದ. ಹೊಟ್ಟೆಯ ಬಾಗು ಎರಡು ಬದಿಗೂ ಸಮನಾಗಿದೆಯೇ ಎಂದು ಅಳತೆಪಟ್ಟಿಯಿಂದಲ್ಲ, ಹೆಬ್ಬೆರಳನ್ನು ಉದ್ದಕ್ಕೆ ಜಾರಿಸಿ ನೋಡುತ್ತಾರೆ. 1985ರಲ್ಲಿ ಎರಡನೇ ಎಲಿಜಬೆತ್ ರಾಣಿ ಬಂದಾಗ ಅವರ ಹಡಗು 'ಬ್ರಿಟಾನಿಯಾ'ದ ಮಾದರಿಯನ್ನು ಕೊಟ್ಟವರು ಸಾರ್ಜೆಂಟ್ ಸಹೋದರರ ಅಂಗಡಿಯವರು. ಕೊಳ್ಳುವ ಮನಸ್ಸಿದ್ದರೆ ಎರಡನೇ ವಾರದಲ್ಲೇ ಹೇಳಿಡಿ, ನಿಧಾನದ ಕೆಲಸ ಅದು. ಬೆಲೆಗೆ ಚೌಕಾಸಿ ಮಾಡದಿರುವುದು ಒಳ್ಳೆಯದು.

ತಿಮಿಂಗಿಲ ಬೇಟೆಯ ಮಾತೂ ಬರುತ್ತದೆ. ಸ್ಕಾಟ್‌ಲ್ಯಾಂಡ್ ಮೂಲದ ವಿಲಿಯಂ ವಾಲೆಸ್ 1870ರ ದಶಕದಲ್ಲಿ ಇಲ್ಲಿ ಶುರುಮಾಡಿದ ವೃತ್ತಿಯಿದು. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಬೆಕ್ವೇಯವರಿಗೆ ವರ್ಷಕ್ಕೆ ನಾಲ್ಕರ ಮಿತಿ ಹಾಕಿ ಅನುಮತಿ ಕೊಟ್ಟಿದೆ. ಎಷ್ಟೋ ವರ್ಷ ಒಂದೂ ಸಿಗುವುದಿಲ್ಲ. ನನಗೆ ಇದು ಒಪ್ಪಿಗೆಯಾಗದ ಸಂಗತಿ. ಆದರೂ ಹಾಯಿದೋಣಿಯಲ್ಲಿ ಕೈಭರ್ಜಿ ಹಿಡಿದು ಹೋಗುತ್ತಿದ್ದ ಅಜ್ಜಂದಿರ ಮಕ್ಕಳ ಮುಂದೆ ವಾದಕ್ಕೆ ನಿಲ್ಲುವುದು ಅತಿಥಿಗೆ ತಕ್ಕದ್ದಲ್ಲ. ಊರಿನ ದೋಣಿ ಸಂಗ್ರಹಾಲಯದಲ್ಲಿ ಹಳೆಯ ಬೇಟೆದೋಣಿ ಇದೆ, ನೋಡಿ, ಅವರು ಹೇಳುವುದನ್ನು ಕೇಳಿ.

ಹೆಜ್ಜೆ 11: ದ್ವೀಪದಾಚೆಗೆ

ತಿಂಗಳಲ್ಲಿ ಎರಡು ಸಲ ಸಾಕು. ಒಂದು ಟೊಬಾಗೊ ಕೇಸ್ ಕಡಲ ಉದ್ಯಾನ, ಹುಲ್ಲು ಮೇಯುವ ಆಮೆಗಳ ಜೊತೆ ಈಜಬಹುದಾದ ತಿಳಿನೀರು. ಇನ್ನೊಂದು ಬೆಳಗಿನ ದೋಣಿಗೆ ಕಿಂಗ್ಸ್‌ಟೌನ್. 1765ರಲ್ಲಿ ಹುಟ್ಟಿದ ಸಸ್ಯೋದ್ಯಾನದಲ್ಲಿ ಬ್ಲೈ ತಂದ ಜೀಗುಜ್ಜೆಯ ಸಂತತಿಯ ಮರ ಇಂದಿಗೂ ಇದೆ, ಈ ದ್ವೀಪ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಸಿಗದ ಸೇಂಟ್ ವಿನ್ಸೆಂಟ್ ಗಿಳಿಯನ್ನೂ ಅಲ್ಲೇ ನೋಡಬಹುದು. ಕಾಲಲ್ಲಿ ಬಲವಿದ್ದವರು ಒಂದು ರಾತ್ರಿ ತಂಗಿ 1,234 ಮೀಟರ್ ಎತ್ತರದ ಲಾ ಸೂಫ್ರಿಯೇರ್ ಜ್ವಾಲಾಮುಖಿ ಹತ್ತಬಹುದು, ಮಾರ್ಗದರ್ಶಿ ಜೊತೆಗಿರಲಿ. 2021ರ ಏಪ್ರಿಲ್‌ನಲ್ಲಿ ಅದು ಸಿಡಿದು ಬೂದಿ ಬಾರ್ಬಡೋಸ್‌ವರೆಗೂ ಹಾರಿತ್ತು.

ಹೆಜ್ಜೆ 12: ಕಾಯಿಲೆ, ವಿಮೆ, ಹೊರಡುವುದು

ಪೋರ್ಟ್ ಎಲಿಜಬೆತ್‌ನಲ್ಲಿ ಚಿಕ್ಕ ಆಸ್ಪತ್ರೆ, ಔಷಧಿ ಅಂಗಡಿ ಇವೆ. ಗಂಭೀರವಾದರೆ ಕಿಂಗ್ಸ್‌ಟೌನ್, ಇನ್ನೂ ಗಂಭೀರವಾದರೆ ಬಾರ್ಬಡೋಸ್. ಆದ್ದರಿಂದ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಕೊಡುವ ವಿಮೆಯನ್ನೇ ಮಾಡಿಸಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ತಿಂಗಳಿಗಿಂತ ಎರಡು ವಾರ ಹೆಚ್ಚಿಗೆ ಒಯ್ಯಿರಿ.

ಹೊರಡುವ ಮೂರು ದಿನ ಮುಂಚೆ ಉಳಿದ ದಿನಸಿಯನ್ನು ನೆರೆಯವರಿಗೆ ಕೊಟ್ಟುಬಿಡಿ. ಹವಳ, ಆಮೆಚಿಪ್ಪು, ತಿಮಿಂಗಿಲ ಮೂಳೆ ಯಾವುದನ್ನೂ ಚೀಲಕ್ಕೆ ಹಾಕಬೇಡಿ, ಗಡಿಗಳಲ್ಲಿ ಹಿಡಿಯುತ್ತಾರೆ. ಮಾದರಿ ದೋಣಿಯ ಕೂವೆಮರ, ಹಾಯಿ ಬಿಚ್ಚಿ ಬೇರೆ ಸುತ್ತಿ ಕೊಡಲು ಅಂಗಡಿಯವರಿಗೇ ಹೇಳಿ, ಕೈಚೀಲದಲ್ಲೇ ಒಯ್ಯಿರಿ. ಅಂತಾರಾಷ್ಟ್ರೀಯ ವಿಮಾನ ಇರುವ ದಿನ ಬೆಳಗಿನ ದೋಣಿಯನ್ನು ನೆಚ್ಚಿಕೊಳ್ಳದೆ ಹಿಂದಿನ ದಿನವೇ ಸೇಂಟ್ ವಿನ್ಸೆಂಟ್‌ಗೆ ದಾಟಿ, ಆರ್ಗೈಲ್‌ಗೆ ಟ್ಯಾಕ್ಸಿಯನ್ನು ರಾತ್ರಿಯೇ ಹೇಳಿಡಿ.